ಪಿಮೊಬೆಂಡಾನ್ ಮಾತ್ರೆ: ನಮ್ಮ ಗುಂಡಂಗೆ 14 ತಿಂಗಳು ಕೊಟ್ಟ ಮೇಲೆ ಬರೀತಿರೋ ರಿವ್ಯೂ

ಮೊದ್ಲು ಸ್ಟಾರ್ ಹೇಳ್ಬಿಡ್ತೀನಿ. ಕೆಲಸ ಮಾಡೋ ವಿಷ್ಯಕ್ಕೆ 5ಕ್ಕೆ 5, ನಾಯಿ ತಿನ್ನುತ್ತಾ ಅನ್ನೋದಕ್ಕೆ 4, ಅಂಗಡೀಲಿ ಸಿಗೋ ವಿಷ್ಯಕ್ಕೆ 3, ಬೆಲೆಗೆ 2. ನಾಯಿ ಹಾರ್ಟ್ ಮಾತ್ರೆ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನಂಗೆ ಏನೂ ಸಿಗ್ಲಿಲ್ಲ, ಅದಕ್ಕೇ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಕೂತು ಬರೀತಿದೀನಿ, ಯಾಕಂದ್ರೆ ಮಾತ್ರೆ ಎಷ್ಟೇ ಒಳ್ಳೇದಾಗಿರ್ಲಿ ಅದನ್ನ ಶುರು ಮಾಡೋ ಹೊತ್ತಿಗೆ ನಾವು ಲೇಟ್ ಮಾಡಿರ್ತೀವಿ, ನಾವಂತೂ ಮಾಡಿದ್ವಿ.

ನಮ್ಮ ಗುಂಡ ಸ್ಪಿಟ್ಜ್, ಬೀದೀಲೆಲ್ಲ ಪಮೇರಿಯನ್ ಅಂತಾರೆ, ಬಿಳೀದು, 8 ಕೆಜಿ, ಈಗ 12 ವರ್ಷ. ನಾವಿರೋದು ಮೈಸೂರಲ್ಲಿ. ಹೋದ ವರ್ಷ ಧನುರ್ಮಾಸದಲ್ಲಿ ಬೆಳಗಿನ ಜಾವ ಅವನಿಗೆ ಕೆಮ್ಮು ಶುರು ಆಯ್ತು. ಒಣಕೆಮ್ಮು, ಕೊನೇಲಿ ಗಂಟಲಲ್ಲಿ ಏನೋ ಸಿಕ್ಕಿರೋ ಥರ ಕ್ಯಾಕರಿಸೋದು, ಆದ್ರೆ ಏನೂ ಹೊರಗೆ ಬರ್ತಿರ್ಲಿಲ್ಲ. ಅಮ್ಮ "ಮೂಳೆ ಸಿಕ್ಕೊಂಡಿರ್ಬೇಕು ಕಣೇ, ಒಂದು ಬಾಳೆಹಣ್ಣು ತಿನ್ಸು" ಅಂದ್ರು. ಪಕ್ಕದ್ಮನೆ ಆಂಟಿ ಚಳಿಗೆ ಶೀತ ಆಗಿದೆ ಅಂದ್ರು. ಹತ್ರದ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋದ್ವಿ, ಸಿರಪ್ಪು ಆಂಟಿಬಯಾಟಿಕ್ಕು ಕೊಟ್ರು, ವಾರ ಬಿಟ್ಟು ಮತ್ತೆ ಹೋದ್ವಿ, ಸಿರಪ್ ಬದಲಾಯಿಸಿ ಕೊಟ್ರು. ಎರಡು ಸಲವೂ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟಿದ್ದು ಒಂದು ನಿಮಿಷವೂ ಇಲ್ಲ. ಹೆಸ್ರು ಹಾಕಲ್ಲ, ಅವ್ರ ಮೇಲೆ ದೂರು ಹೇಳೋಕೆ ಇದನ್ನ ಬರೀತಿಲ್ಲ.

ನನ್ನನ್ನ ಈಗ್ಲೂ ಕೊರಿಯೋದು ಅದಲ್ಲ. ಅದಕ್ಕೂ ಎರಡು ವರ್ಷ ಮುಂಚೆ ರೇಬಿಸ್ ಇಂಜೆಕ್ಷನ್‌ಗೆ ಹೋದಾಗ ಬೇರೊಬ್ಬ ಡಾಕ್ಟ್ರು "ಸ್ವಲ್ಪ ಮರ್ಮರ್ ಕೇಳ್ಸ್ತಿದೆ, ವಯಸ್ಸಾಯ್ತಲ್ಲ" ಅಂದಿದ್ರು, ನಾನು ಹೂಂ ಅಂದು ಬಿಲ್ ಕೊಟ್ಟು ಬಂದಿದ್ದೆ. ಆ ಒಂದು ಮಾತಲ್ಲಿ ಎಲ್ಲಾ ಇತ್ತು ಅಂತ ಈಗ ಗೊತ್ತಾಗಿದೆ. ಪಮೇರಿಯನ್, ಡ್ಯಾಶ್‌ಹೌಂಡ್, ಶಿಟ್ಸು ಥರದ ಸಣ್ಣ ನಾಯಿಗಳಿಗೆ ವಯಸ್ಸಾಗ್ತಾ ಹೃದಯದ ಎಡಭಾಗದಲ್ಲಿರೋ ಮೈಟ್ರಲ್ ಕವಾಟ ದಪ್ಪ ಆಗಿ ಗಂಟುಗಂಟಾಗುತ್ತೆ, ಸರಿಯಾಗಿ ಮುಚ್ಚಲ್ಲ, ಹೃದಯ ಹಿಂಡಿದಾಗೆಲ್ಲ ಒಂದಿಷ್ಟು ರಕ್ತ ಹಿಂದಕ್ಕೆ ನುಗ್ಗುತ್ತೆ, ಆ ನುಗ್ಗೋ ಸದ್ದೇ ಮರ್ಮರ್. ನಾಯಿಗಳ ಹೃದಯದ ಕಾಯಿಲೇಲಿ ಎಲ್ಲಕ್ಕಿಂತ ಜಾಸ್ತಿ ಕಾಣೋದು ಇದೇ. ವರ್ಷಗಟ್ಟಲೆ ನಾಯಿಗೆ ಏನೂ ಅನ್ಸಲ್ಲ, ಆಡ್ತಾ ಓಡ್ತಾ ಇರುತ್ತೆ, ಒಳಗೆ ಹೃದಯ ಮಾತ್ರ ಹಿಗ್ತಾ ಹೋಗುತ್ತೆ, ತಡ್ಕೊಳೋಕಾಗದೇ ಇದ್ದಾಗ ಒತ್ತಡ ಹಿಂದಕ್ಕೆ ತಿರುಗಿ ಶ್ವಾಸಕೋಶದಲ್ಲಿ ನೀರು ತುಂಬ್ಕೊಳುತ್ತೆ. ಅದೇ ಹಾರ್ಟ್ ಫೇಲ್ಯೂರ್. ಹಾರ್ಟ್ ನಿಂತುಹೋಗೋದು ಅಂತ ನಾನು ತಿಳ್ಕೊಂಡಿದ್ದೆ, ಅದಲ್ಲ.

ಸಂಕ್ರಾಂತಿ ಆದ ಎರಡನೇ ರಾತ್ರಿ. ಗುಂಡ ಯಾವಾಗ್ಲೂ ನನ್ನ ಮಂಚದ ಕೆಳಗೆ ಒಂದೇ ಕಡೆ ತಿರುಗಿ ಸುರುಳಿ ಸುತ್ಕೊಂಡು ಮಲಗೋನು. ಅವತ್ತು ಮಲಗೋದು, ಒಂದು ನಿಮಿಷಕ್ಕೆ ಏಳೋದು, ನಡುಮನೆಗೆ ಹೋಗೋದು, ತಣ್ಣಗಿರೋ ಟೈಲ್ಸ್ ಮೇಲೆ ನಿಲ್ಲೋದು, ಮತ್ತೆ ಬರೋದು. ಒಂದೂವರೆ ಗಂಟೆ ಹೊತ್ತಿಗೆ ಲೈಟ್ ಹಾಕಿ ನೋಡಿದ್ರೆ ಬಾಗ್ಲ ಹತ್ರ ಕೂತಿದ್ದಾನೆ, ಕುತ್ತಿಗೆ ಮುಂದಕ್ಕೆ ಚಾಚಿ, ಮುಂಗಾಲಿನ ಮೊಣಕೈ ಎರಡೂ ಮೈಯಿಂದ ದೂರಕ್ಕೆ ಅಗಲ ಮಾಡ್ಕೊಂಡು, ಕಣ್ಣು ತೂಕಡಿಸ್ತಿದೆ ಆದ್ರೂ ಮಲಗ್ತಿಲ್ಲ. ಪಕ್ಕೆ ಒಳಗೆ ಹೊರಗೆ ಒಳಗೆ ಹೊರಗೆ, ಉಸಿರಿಗೆ ಹೊಟ್ಟೇನೂ ಸೇರಿ ಹೋಗ್ತಿದೆ. ಚಳಿಗಾಲ, ಓಡಿಲ್ಲ, ಆಡಿಲ್ಲ, ಯಾತಕ್ಕೆ ಏದುಸಿರು? ತುಟಿ ಎತ್ತಿ ನೋಡ್ದೆ, ಗುಲಾಬಿ ಬಣ್ಣ ಇರ್ಬೇಕಾದ ವಸಡು ಬೂದಿ ಥರ. ಅದೊಂದು ನೋಡಿದ್ಮೇಲೆ ಬೆಳಗಾಗ್ಲಿ ಅಂತ ಕಾಯ್ಲಿಲ್ಲ, ಅಣ್ಣನ್ನ ಎಬ್ಬಿಸಿ ಕಾರಲ್ಲಿ ಹಾಕ್ಕೊಂಡು ರಾತ್ರಿ ತೆಗೆದಿರೋ ಆಸ್ಪತ್ರೆಗೆ ಹೋದ್ವಿ.

ಅಲ್ಲಿದ್ದ ಡಾಕ್ಟ್ರಮ್ಮ ನಮ್ಮ ಜೊತೆ ಮಾತಾಡೋದಕ್ಕೂ ಮುಂಚೆ ಅವನನ್ನ ಆಕ್ಸಿಜನ್ ಪೆಟ್ಟಿಗೆ ಒಳಗಿಟ್ಟು ಫ್ರುಸೆಮೈಡ್ ಇಂಜೆಕ್ಷನ್ ಕೊಟ್ರು, ಅಂದ್ರೆ ನಮ್ಮ ಮನೆ ಹಿರಿಯರು ತಗೊಳೋ ಲ್ಯಾಸಿಕ್ಸೇ, ನೀರಿಳಿಸೋ ಔಷ್ಧಿ. ಸ್ವಲ್ಪ ಸುಧಾರ್ಸ್ಕೊಂಡ ಮೇಲೆ ಎಕ್ಸ್‌ರೇ. ಕಪ್ಪಗಿರ್ಬೇಕಾದ ಶ್ವಾಸಕೋಶ ಹಿಂಜಿದ ಹತ್ತಿ ಥರ ಬೆಳ್ಳಗೆ, ಹೃದಯ ದೊಡ್ಡದಾಗಿ ಶ್ವಾಸನಾಳಾನೇ ಮೇಲಕ್ಕೆ ತಳ್ಳಿದೆ. "ನೋಡಿ ಮೇಡಂ, ಕೆಮ್ಮು ಬರ್ತಿದ್ದಿದ್ದು ಇದು ಒತ್ತೋದ್ರಿಂದ ಇರ್ಬೋದು, ಮರ್ಮರ್ ಅಂತೂ ಕೈ ಇಟ್ರೇ ಗೊತ್ತಾಗುತ್ತೆ" ಅಂತ ನನ್ನ ಕೈ ಹಿಡ್ದು ಅವನ ಎದೆ ಎಡಗಡೆ ಇಡಿಸಿದ್ರು. ಬೆರಳ ಕೆಳಗೆ ಝುಮ್ ಝುಮ್ ಅಂತ ನಲ್ಲೀಲಿ ನೀರು ಹರಿಯೋ ಥರ ಅದರ್ತಿತ್ತು. ಮರ್ಮರ್‌ಗೆ 1ರಿಂದ 6ರ ತನಕ ಗ್ರೇಡ್ ಇದೆಯಂತೆ, ಕೈಗೆ ಅದರೋ ಹಾಗೆ ಸಿಕ್ರೆ ಅದು 5 ಇಲ್ಲಾ 6. ಎರಡು ವರ್ಷದ ಹಿಂದೆ "ಸ್ವಲ್ಪ" ಇದ್ದಿದ್ದು ಇಲ್ಲಿಗೆ ಬಂದಿತ್ತು.

ಎರಡು ದಿನ ಆದ್ಮೇಲೆ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿ ನಾಲ್ಕು ಔಷ್ಧಿ ಬರ್ಕೊಟ್ರು, ಪಿಮೊಬೆಂಡಾನ್, ಫ್ರುಸೆಮೈಡ್, ಬೆನಜೆಪ್ರಿಲ್, ಸ್ಪೈರೊನೊಲ್ಯಾಕ್ಟೋನ್. ಹಾಗಾಗಿ ಗುಂಡ ಸುಧಾರಿಸಿದ್ದಷ್ಟೂ ಪಿಮೊಬೆಂಡಾನ್ ಒಂದ್ರ ಪುಣ್ಯ ಅಂತ ನಾನು ಹೇಳೋಕಾಗಲ್ಲ, ಶ್ವಾಸಕೋಶದ ನೀರಿಳಿಸಿದ್ದು ಫ್ರುಸೆಮೈಡೇ. ಆದ್ರೆ ಅವನು ಮತ್ತೆ ಅವನಾಗಿದ್ದು ಈ ಮಾತ್ರೆ ಶುರು ಆದ ನಾಲ್ಕೈದು ದಿನಕ್ಕೆ. ಗೇಟ್ ಸದ್ದಾದ್ರೆ ತಲೆ ಎತ್ತದೇ ಇದ್ದೋನು ಹಾಲಿನವ್ರು ಬಂದ್ರೆ ಎದ್ದು ಹೋಗಿ ಬೊಗಳಿದ. ಅಮ್ಮ ಅಡುಗೆಮನೆಯಿಂದ್ಲೇ ಕಣ್ಣೊರೆಸ್ಕೊಂಡ್ರು.

ಮಾತ್ರೆ ಏನ್ ಮಾಡುತ್ತೆ ಅಂದ್ರೆ ಎರಡು ಕೆಲ್ಸ ಒಟ್ಟಿಗೆ ಮಾಡುತ್ತೆ, ಹೃದಯದ ಸ್ನಾಯು ಹಿಂಡೋ ಶಕ್ತಿ ಜಾಸ್ತಿ ಮಾಡುತ್ತೆ, ಜೊತೆಗೆ ರಕ್ತನಾಳಗಳನ್ನ ಅಗಲ ಮಾಡುತ್ತೆ, ಹಿಂಗಾಗಿ ರಕ್ತ ಮುಂದಕ್ಕೆ ಹೋಗೋಕೆ ದಾರಿ ಸಲೀಸಾಗುತ್ತೆ, ಹಿಂದಕ್ಕೆ ನುಗ್ಗೋದು ಕಮ್ಮಿ ಆಗುತ್ತೆ. ಮೂಲ ಬ್ರ್ಯಾಂಡ್ ಬೋರಿಂಗರ್ ಇಂಗೆಲ್ಹೈಮ್ ಕಂಪ್ನಿಯ ವೆಟ್‌ಮೆಡಿನ್, ಈಗ ಬೇರೆ ಹೆಸರಲ್ಲೂ ಸಿಗುತ್ತೆ, ಡಾಕ್ಟ್ರು ಯಾವುದು ಬರೀತಾರೋ ಅದು ತಗೊಳಿ, ನಾನು ಬ್ರ್ಯಾಂಡ್ ಬಗ್ಗೆ ಬರೀತಿಲ್ಲ, ಔಷ್ಧಿ ಬಗ್ಗೆ ಬರೀತಿರೋದು. ಗುಂಡಂಗೆ 1.25 ಮಿಲಿಗ್ರಾಂ ಮಾತ್ರೆ ಬೆಳಗ್ಗೆ ಒಂದೂವರೆ, ಸಂಜೆ ಒಂದೂವರೆ. ದಯವಿಟ್ಟು ಇದನ್ನ ನೋಡಿ ನಿಮ್ಮ ನಾಯಿಗೆ ಲೆಕ್ಕ ಹಾಕ್ಬೇಡಿ, ತೂಕ, ಕಾಯಿಲೆ ಎಲ್ಲಾ ನೋಡಿ ಡಾಕ್ಟ್ರೇ ಹೇಳ್ಬೇಕು, ಹೃದಯದಿಂದ ರಕ್ತ ಹೊರಗೆ ಹೋಗೋ ದಾರೀನೇ ಕಿರಿದಾಗಿರೋ ಕಾಯಿಲೆಗಳಲ್ಲಿ ಇದನ್ನ ಕೊಡಲ್ಲ.

ಖಾಲಿ ಹೊಟ್ಟೇಲಿ, ಊಟಕ್ಕೆ ಒಂದು ಗಂಟೆ ಮುಂಚೆ, 12 ಗಂಟೆಗೊಂದ್ಸಲ ಕೊಡ್ಬೇಕು. ಇದನ್ನ ಪಾಲಿಸೋದು ಹೇಳಿದಷ್ಟು ಸುಲಭ ಅಲ್ಲ. ನಾವು ಬೆಳಗ್ಗೆ 6ಕ್ಕೆ ಸಂಜೆ 6ಕ್ಕೆ ಅಂತ ಇಟ್ಕೊಂಡಿದೀವಿ, ಸಂಜೆ ನಾನು ಆಫೀಸಿಂದ ಬರೋದು ಏಳಾಗುತ್ತೆ, ಹಾಗಾಗಿ ಸಂಜೆದು ಅಮ್ಮನ ಜವಾಬ್ದಾರಿ, ದೇವರ ದೀಪ ಹಚ್ಚೋಕೆ ಮುಂಚೆ ಗುಂಡನ ಮಾತ್ರೆ. ಜಗಿದು ತಿನ್ನೋ ಅಂಥ, ರುಚಿ ಇರೋ ಮಾತ್ರೆ ಅಂತ ಪ್ಯಾಕೆಟ್ ಮೇಲಿದೆ, ಮೊದಲ ತಿಂಗಳು ಕೈಯಿಂದ್ಲೇ ತಿಂದ, ಆಮೇಲೆ ಮೂಸಿ ಮುಖ ತಿರುಗಿಸೋಕೆ ಶುರು ಮಾಡಿದ, ಈಗ ಉಗುರಿನಷ್ಟು ಇಡ್ಲಿ ಚೂರಲ್ಲಿ ಒತ್ತಿ ಕೊಟ್ರೆ ಗುಳುಂ. ಅಷ್ಟು ಚೂರಿಗೆ ಪರ್ವಾಗಿಲ್ಲ ಅಂತ ಡಾಕ್ಟ್ರಮ್ಮನ್ನ ಕೇಳ್ಕೊಂಡೇ ಮಾಡ್ತಿರೋದು. ಐದರಲ್ಲಿ ಒಂದು ಸ್ಟಾರ್ ಕಮ್ಮಿ ಮಾಡಿದ್ದು ಇದಕ್ಕೇ. ಮಧ್ಯದ ಗೆರೆ ಮೇಲೆ ಹೆಬ್ಬೆರಳಿಟ್ಟು ಒತ್ತಿದ್ರೆ ಎರಡು ಸಮ ಭಾಗ ಆಗುತ್ತೆ, ಪುಡಿ ಉದುರಲ್ಲ. ರುಚಿ ಇರೋದ್ರಿಂದ ಸ್ಟ್ರಿಪ್ ಕೈಗೆಟುಕೋ ಕಡೆ ಇಡ್ಬೇಡಿ, ಬೇರೆ ನಾಯಿ ಮನೇಲಿದ್ರೆ ಪೂರ್ತಿ ಸ್ಟ್ರಿಪ್ ತಿಂದುಬಿಡೋ ಅಪಾಯ ಇದೆ. ಸೈಡ್ ಎಫೆಕ್ಟು ಅಂದ್ರೆ ಮೊದಲ ವಾರ ಸ್ವಲ್ಪ ಭೇದಿ, ಊಟ ಒಂದೆರಡು ದಿನ ಬಿಟ್ಟ, ತಾನಾಗೇ ಸರಿ ಹೋಯ್ತು.

ಬೆಲೆ ವಿಷ್ಯ ಮುಚ್ಚಿಡಲ್ಲ. ಲ್ಯಾಸಿಕ್ಸ್ ಅಗ್ಗ, ಯಾವ್ದೇ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಪಿಮೊಬೆಂಡಾನ್ ಹಂಗಲ್ಲ, ನಮ್ಮನೇಲಿ ತಿಂಗಳ ಕರೆಂಟ್ ಬಿಲ್ಲಿಗಿಂತ ಜಾಸ್ತಿ ಇದಕ್ಕೇ ಹೋಗುತ್ತೆ, ಅದೂ ಜೀವನ ಪೂರ್ತಿ, ಹುಷಾರಾದ ಅಂತ ನಿಲ್ಲಿಸೋ ಹಾಗಿಲ್ಲ. ಎಂಟು ಕೆಜಿ ನಾಯಿಗೆ ಹಿಂಗೆ, 35 ಕೆಜಿ ಲ್ಯಾಬ್ರಡಾರ್ ಸಾಕಿದವ್ರಿಗೆ ಎಷ್ಟು ಭಾರ ಬೀಳುತ್ತೆ ಯೋಚ್ನೆ ಮಾಡಿ. ಇದಕ್ಕೆ ಎರಡೇ ಸ್ಟಾರ್.

ಈಗ ನಾನು ನಿಜಕ್ಕೂ ಹೇಳ್ಬೇಕಾಗಿರೋದಕ್ಕೆ ಬರ್ತೀನಿ. 2016ರಲ್ಲಿ ಎಪಿಕ್ ಅನ್ನೋ ಅಧ್ಯಯನ ಪ್ರಕಟ ಆಯ್ತು, 360 ನಾಯಿಗಳು, ಎಲ್ಲವಕ್ಕೂ ಈ ಕವಾಟದ ಕಾಯಿಲೆ, ಹೃದಯ ದೊಡ್ಡದಾಗಿದೆ ಆದ್ರೆ ಇನ್ನೂ ಫೇಲ್ಯೂರ್ ಆಗಿಲ್ಲ, ಮೇಲ್ನೋಟಕ್ಕೆ ಆರಾಮಾಗಿವೆ. ಅರ್ಧಕ್ಕೆ ಪಿಮೊಬೆಂಡಾನ್, ಅರ್ಧಕ್ಕೆ ಬರೀ ಡಮ್ಮಿ ಮಾತ್ರೆ. ಮಾತ್ರೆ ತಗೊಂಡ ನಾಯಿಗಳಿಗೆ ಫೇಲ್ಯೂರ್ ಆಗೋದು ಹೆಚ್ಚುಕಮ್ಮಿ 15 ತಿಂಗಳು ಮುಂದಕ್ಕೆ ಹೋಯ್ತು. 15 ತಿಂಗಳು ಅಂದ್ರೆ ನಾಯಿ ಆಯುಸ್ಸಲ್ಲಿ ಎಷ್ಟು ದೊಡ್ಡದು ಅಂತ ನಾಯಿ ಸಾಕಿದವ್ರಿಗೆ ಹೇಳ್ಬೇಕಾಗಿಲ್ಲ. ಡಾಕ್ಟ್ರುಗಳು ಈ ಹಂತಕ್ಕೆ ಬಿ2 ಅಂತಾರೆ, ಫೇಲ್ಯೂರ್ ಆದ್ಮೇಲೆ ಸಿ. ಮರ್ಮರ್ ಅಂದ ದಿನ ನಾನು "ಹಾಗಾದ್ರೆ ಎಕ್ಸ್‌ರೇ ಇಲ್ಲಾ ಎಕೋ ಮಾಡಿಸ್ಬೇಕಾ, ಹೃದಯ ದೊಡ್ಡದಾಗಿದ್ಯಾ" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ರೆ, ವರ್ಷಕ್ಕೊಂದ್ಸಲ ತೋರಿಸ್ತಾ ಹೋಗಿದ್ರೆ, ಗುಂಡ ಬಿ2ನಲ್ಲೇ ಸಿಗ್ತಿದ್ದ, ಆ ರಾತ್ರಿ ಬಾಗ್ಲ ಹತ್ರ ಕೂತು ಉಸಿರಿಗೆ ಒದ್ದಾಡೋದು ಇಷ್ಟು ಬೇಗ ಬರ್ತಿರ್ಲಿಲ್ವೇನೋ. ಮರ್ಮರ್ ಇರೋ ಎಲ್ಲಾ ನಾಯಿಗೂ ಮಾತ್ರೆ ಬೇಕಾಗಲ್ಲ, ಹೃದಯ ದೊಡ್ಡದಾಗದೇ ಇದ್ರೆ ಬರೀ ನೋಡ್ತಾ ಇರೋದಷ್ಟೇ. ಅದು ಗೊತ್ತಾಗ್ಬೇಕಾದ್ರೂ ನೋಡ್ಬೇಕಲ್ವಾ.

ಮನೇಲಿ ಹೇಗೆ ಗೊತ್ತು ಮಾಡ್ಕೊಳೋದು ಅಂತ ತುಂಬ ಜನ ಕೇಳ್ತಾರೆ. ಡಾಕ್ಟ್ರಮ್ಮ ನಂಗೆ ಕಲಿಸಿದ್ದು ಉಸಿರು ಎಣಿಸೋದು. ನಾಯಿ ಗಾಢ ನಿದ್ದೇಲಿರ್ಬೇಕು, ಬಿಸಿಲಲ್ಲಿ ಮಲಗಿರ್ಬಾರ್ದು, ಈಗಷ್ಟೇ ಆಡಿ ಬಂದಿರ್ಬಾರ್ದು, ಕನಸು ಕಾಣ್ತಾ ಕಾಲಾಡಿಸ್ತಿದ್ರೆ ಅದು ಮುಗಿಯೋ ತನಕ ಕಾಯಿರಿ. ಎದೆ ಮೇಲೆದ್ದು ಕೆಳಗಿಳಿದ್ರೆ ಒಂದು. ಮೊಬೈಲಲ್ಲಿ ಟೈಮರ್ ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿದ್ದೇಲಿ ನಿಮಿಷಕ್ಕೆ 30ರ ಒಳಗಿರ್ಬೇಕು, ಆರೋಗ್ಯವಾಗಿರೋ ಹೆಚ್ಚಿನ ನಾಯಿಗಳಿಗೆ 25ರ ಒಳಗೇ ಇರುತ್ತೆ. 30 ದಾಟಿದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ, ಆಗ್ಲೂ 30ರ ಮೇಲಿದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಇಷ್ಟೇ. ದುಡ್ಡಿಲ್ಲ, ಮಿಷನ್ನಿಲ್ಲ. ನಾಲಿಗೆ ಹೊರಗೆ ಹಾಕ್ಕೊಂಡು ಏದೋದನ್ನ ಎಣಿಸ್ಬೇಡಿ, ಅದು ಸೆಕೆಗೆ ಮೈ ತಣ್ಣಗೆ ಮಾಡ್ಕೊಳೋದು.

ನಾನು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಬರೀತೀನಿ, ಅರ್ಧ ಲೀಟರ್ ಕೆಳಗೆ ಗುಂಡನ ನಂಬರು. 22, 20, 24, 22. ಆರನೇ ತಿಂಗಳಲ್ಲಿ ಒಂದು ಸೋಮವಾರ 26, ಮಂಗಳವಾರ 30, ಬುಧವಾರ 36 ಬಂತು. ಊಟ ಮಾಡ್ತಿದ್ದ, ಬೊಗಳ್ತಿದ್ದ, ಕೆಮ್ಮು ಇರ್ಲಿಲ್ಲ, ನೋಡಿದ್ರೆ ಏನೂ ಇಲ್ಲ ಅನ್ಸ್ತಿತ್ತು. ಫೋನ್ ಮಾಡಿ ನಂಬರ್ ಹೇಳ್ದೆ, ಬನ್ನಿ ಅಂದ್ರು, ನೋಡಿ ಫ್ರುಸೆಮೈಡ್ ಡೋಸ್ ಜಾಸ್ತಿ ಮಾಡಿದ್ರು, ಶನಿವಾರ ಮತ್ತೆ 24. ಎಣಿಸ್ದೇ ಇದ್ದಿದ್ರೆ ಮತ್ತೊಂದು ರಾತ್ರಿ ಆಕ್ಸಿಜನ್ ಪೆಟ್ಟಿಗೆಗೇ ಹೋಗ್ತಿದ್ವಿ. ಆಮೇಲೆ ವಿಚಾರ್ಸಿದಾಗ ಗೊತ್ತಾಗಿದ್ದು, ಮನೆಗೆ ಬಂದಿದ್ದ ನೆಂಟ್ರ ಮಕ್ಕಳು ಎರಡು ದಿನ ಅವನಿಗೆ ಚಕ್ಕುಲಿ, ಹಪ್ಪಳ ಹಾಕಿದ್ರು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತೆ. ಅವತ್ತಿಂದ ನಮ್ಮನೇಲಿ ಗುಂಡಂಗೆ ಹಪ್ಪಳ, ಚಿಪ್ಸ್, ಚೀಸ್, ಉಪ್ಪು ಹಾಕಿದ ಮಜ್ಜಿಗೆ ಅನ್ನ ಎಲ್ಲಾ ಬಂದ್, ಉಪ್ಪಿಲ್ದೇ ಬೇಯಿಸಿದ ಚಿಕನ್ನು ಅನ್ನ ಅವನ ಫುಡ್ ಜೊತೆ. ಇನ್ನೊಂದು, ಫ್ರುಸೆಮೈಡ್ ತಗೊಳೋ ನಾಯಿ ಬಹಳ ನೀರು ಕುಡಿಯುತ್ತೆ, ಬಹಳ ಸಲ ಹೊರಗೆ ಹೋಗುತ್ತೆ, ಮನೆ ಒಳಗೆ ಮಾಡ್ತಾನೆ ಅಂತ ನೀರಿನ ಬಟ್ಟಲು ಎತ್ತಿಡ್ಬೇಡಿ, ಕಿಡ್ನಿ ಕೆಡುತ್ತೆ. ನಡುವೆ ನಡುವೆ ರಕ್ತ ಟೆಸ್ಟ್ ಮಾಡಿಸೋದೂ ಕಿಡ್ನಿ, ಪೊಟ್ಯಾಸಿಯಂ ನೋಡೋಕೆ.

ಕೆಮ್ಮಿನ ವಿಷ್ಯ ಒಂಚೂರು ಗೊಂದಲದ್ದು. ಕೆಮ್ಮಿದ ನಾಯಿಗೆಲ್ಲ ಹಾರ್ಟ್ ಫೇಲ್ಯೂರ್ ಅಲ್ಲ. ಸಣ್ಣ ನಾಯಿಗಳಿಗೆ ಶ್ವಾಸನಾಳ ಸಡಿಲ ಆಗಿ ಚಪ್ಪಟೆ ಆಗೋ ತೊಂದ್ರೆ ಇರುತ್ತೆ, ಬೆಲ್ಟ್ ಎಳೆದಾಗ, ಖುಷಿ ಆದಾಗ ಬಾತುಕೋಳಿ ಕೂಗೋ ಥರ ಕೆಮ್ಮುತ್ತೆ, ನಿದ್ದೇಲಿ ಉಸಿರು ಆರಾಮಾಗೇ ಇರುತ್ತೆ. ಅದಕ್ಕೇ ಕೆಮ್ಮಿಗಿಂತ ಆ ನಂಬರ್ ನಂಬೋದು. ಕುತ್ತಿಗೆ ಪಟ್ಟಿ ತೆಗ್ದು ಎದೆಗೆ ಹಾಕೋ ಹಾರ್ನೆಸ್ ತಗೊಳಿ, ಎರಡು ಥರದ ನಾಯಿಗೂ ಒಳ್ಳೇದು.

ಬೇರೆ ಸೂಚನೆಗಳು ಎಷ್ಟು ಮೆತ್ತಗೆ ಬರ್ತವೆ ಅಂದ್ರೆ ವಯಸ್ಸಾಯ್ತು ಅಂತ್ಲೇ ಬಿಟ್ಬಿಡ್ತೀವಿ. ಮೂರು ಬೀದಿ ಸುತ್ತೋನು ಮೊದಲ ತಿರುವಲ್ಲೇ ನಿಲ್ಲೋದು. ಮೆಟ್ಲ ಮಧ್ಯ ಕೂತು ಹಿಂದೆ ತಿರುಗಿ ನೋಡೋದು, ಎತ್ಕೋ ಅನ್ನೋ ಥರ. ಸ್ನಾನ ಮಾಡಿಸುವಾಗ ಬೆನ್ನುಮೂಳೆ, ತಲೆ ಮೇಲಿನ ಮೂಳೆ ಕೈಗೆ ಸಿಗೋದು, ಸ್ಪಿಟ್ಜ್ ಥರ ಕೂದ್ಲಿರೋ ನಾಯಿಗೆ ಒಣಗಿಸಿದ್ಮೇಲೆ ಏನೂ ಕಾಣಲ್ಲ, ಹಾಗಾಗಿ ಒದ್ದೆ ಇದ್ದಾಗ್ಲೇ ಮುಟ್ಟಿ ನೋಡಿ. ಖುಷೀಲಿ ಎಗರಿದ್ದು ದೊಪ್ಪಂತ ಬಿದ್ದು ಅರೆ ಕ್ಷಣಕ್ಕೆ ಎದ್ದು ಏನೂ ಆಗ್ದೇ ಇರೋ ಥರ ನಡೆಯೋದು, ಇದನ್ನ ಫಿಟ್ಸ್ ಅಂತ ಅನ್ಕೊಳ್ತಾರೆ, ಫಿಟ್ಸ್ ಆದ್ರೆ ಸಾಮಾನ್ಯವಾಗಿ ಕಾಲು ಬಡಿಯುತ್ತೆ, ಜೊಲ್ಲು ಸುರಿಯುತ್ತೆ, ಆಮೇಲೂ ಸ್ವಲ್ಪ ಹೊತ್ತು ಮಂಕಾಗಿರುತ್ತೆ. ಗೊತ್ತಾಗ್ದೇ ಇದ್ರೆ ವಿಡಿಯೋ ಮಾಡ್ಕೊಂಡು ತೋರಿಸಿ, ನಾವು ನೂರು ಮಾತಲ್ಲಿ ಹೇಳೋದನ್ನ ಡಾಕ್ಟ್ರು ಹತ್ತು ಸೆಕೆಂಡಲ್ಲಿ ನೋಡ್ತಾರೆ. ಹೊಟ್ಟೆ ಮಾತ್ರ ದಪ್ಪ ಆಗಿ ಬೆನ್ನು ಕಾಲು ಸಣ್ಣ ಆಗಿದ್ರೆ ಅದು ಕೊಬ್ಬೇ ಅಂತ ಬಿಟ್ಬಿಡ್ಬೇಡಿ, ಹೃದಯದ ಬಲಭಾಗ ಸೋತಾಗ್ಲೂ ನೀರು ಹೊಟ್ಟೇಲಿ ತುಂಬ್ಕೊಳುತ್ತೆ.

ದೊಡ್ಡ ನಾಯಿ ಸಾಕಿದವ್ರು ಇದು ನಮಗಲ್ಲ ಅನ್ಕೋಬೇಡಿ. ಡಾಬರ್‌ಮನ್, ಗ್ರೇಟ್ ಡೇನ್‌ಗಳಿಗೆ ಬರೋದು ಬೇರೆ ಕಾಯಿಲೆ, ಹೃದಯದ ಸ್ನಾಯುವೇ ತೆಳ್ಳಗಾಗಿ ಸಡಿಲ ಆಗುತ್ತೆ, ಅದರಲ್ಲಿ ಮರ್ಮರ್ ಕೇಳಿಸ್ದೇನೂ ಇರ್ಬೋದು, ಡಾಬರ್‌ಮನ್‌ಗೆ ಮೊದಲ ಸೂಚನೆಯೇ ಕುಸಿದು ಬೀಳೋದು ಆಗಿರ್ಬೋದು, ಅದಕ್ಕೇ ವಯಸ್ಸಿಗೆ ಬಂದ ಡಾಬರ್‌ಮನ್‌ಗೆ ಎಕೋ ಜೊತೆ 24 ಗಂಟೆ ಹೃದಯದ ಬಡಿತ ರೆಕಾರ್ಡ್ ಮಾಡೋ ಹೋಲ್ಟರ್ ಮಾಡಿಸಿ ಅಂತಾರೆ. ಅಲ್ಲೂ ಪಿಮೊಬೆಂಡಾನ್ ಕೊಡ್ತಾರೆ.

ಮೊನ್ನೆ ಚೆಕಪ್‌ಗೆ ಹೋದಾಗ ಪಕ್ಕದ ಬೆಂಚಲ್ಲಿ ಒಬ್ಬ ಹುಡುಗ ಒಂಬತ್ತು ವರ್ಷದ ಡ್ಯಾಶ್‌ಹೌಂಡ್ ತೊಡೆ ಮೇಲೆ ಇಟ್ಕೊಂಡು ಕೂತಿದ್ದ, "ಅಕ್ಕಾ, ವ್ಯಾಕ್ಸಿನ್‌ಗೆ ಬಂದಿದ್ದು, ಮರ್ಮರ್ ಅಂತಿದಾರೆ, ಚೆನ್ನಾಗೇ ಇದಾನಲ್ಲ ಸುಮ್ನೆ ಹೋಗ್ಬಿಡ್ಲಾ" ಅಂದ. ನಾನು ಕ್ಯಾಲೆಂಡರ್ ಫೋಟೋ ತೋರಿಸ್ದೆ. ಎಕ್ಸ್‌ರೇಗೆ ಬರ್ಸ್ಕೊಂಡು ಹೋದ.

ಅಂಗಡಿ ವಿಷ್ಯ ಬಾಕಿ ಇತ್ತು. ಎಲ್ಲಾ ಪೆಟ್ ಶಾಪಲ್ಲೂ ಸ್ಟಾಕ್ ಇರಲ್ಲ, 1.25 ಕೇಳಿದ್ರೆ 5 ಇದೆ ಮುರಿದು ಕೊಡಿ ಅಂತಾರೆ, 5ನ್ನ ನಾಲ್ಕು ಚೂರು ಮಾಡೋಕೆ ಹೋಗ್ಬೇಡಿ, ಸಮ ಆಗಲ್ಲ. ಆನ್‌ಲೈನಲ್ಲಿ ಮೂರರಿಂದ ಐದು ದಿನ ತಗೊಳುತ್ತೆ. ಸ್ಟ್ರಿಪ್ಪಲ್ಲಿ ಹತ್ತು ದಿನದ ಮಾತ್ರೆ ಉಳಿದಾಗ್ಲೇ ಆರ್ಡರ್ ಹಾಕಿ, ದಸರಾ ಹೊತ್ತಿಗೆ ಮೈಸೂರಲ್ಲಿರೋವ್ರು ಇನ್ನೊಂದು ಸ್ಟ್ರಿಪ್ ಜಾಸ್ತಿ ಇಟ್ಕೊಳಿ, ಆ ಹತ್ತು ದಿನ ಅರ್ಧ ರಸ್ತೆ ಬಂದ್ ಇರುತ್ತೆ, ಕೊರಿಯರ್ ಹುಡುಗ್ರು ಬರೋದು ಯಾವಾಗ ಅಂತ ಹೇಳೋಕಾಗಲ್ಲ.